ರಾಕೆಟ್ ಕಥೆ ಬಿಟ್ಟು ಸತೀಶ್ ಧವನ್ ಬಗ್ಗೆ ಏನಾದ್ರೂ ಹೇಳ್ರಪ್ಪ

ಚಾಕ್‌ಪೀಸ್_ಬಸು
ಎಲ್ರಿಗೂ ನಮಸ್ಕಾರ. ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಲ್ಲಿ ಮೆಕ್ಯಾನಿಕಲ್ ಪಾಠ ಮಾಡ್ತೀನಿ, ಯಾವುದು ಅಂತ ಕೇಳ್ಬೇಡಿ. ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ಇಂಜಿನಿಯರ್ಸ್ ಡೇ, ಸರ್ ಎಂವಿ ಫೋಟೋಗೆ ಹಾರ, ಕೆಆರ್‌ಎಸ್ ಬಗ್ಗೆ ಅರ್ಧ ಗಂಟೆ, ಆಮೇಲೆ ಚೌಚೌ ಬಾತು, ಮುಗೀತು. ಈ ಸಲ ಭಾಷಣ ನನ್ನ ಕುತ್ತಿಗೆಗೆ ಬಿದ್ದಿದೆ. ವಿಶ್ವೇಶ್ವರಯ್ಯನವರ ಮೇಲೆ ನಂಗೇನೂ ಬೇಜಾರಿಲ್ಲ, ಆದ್ರೆ ಹುಡುಗ್ರು ಮೂರನೇ ಕ್ಲಾಸಿಂದ ಅದನ್ನೇ ಕೇಳ್ಕೊಂಡು ಬಂದಿದಾರೆ, ನಾನು ಬಾಯಿ ತೆಗೆಯೋಕೆ ಮುಂಚೆ ಅವರೇ ಮುಗಿಸಿಬಿಡ್ತಾರೆ.

ಒಂದು ತಾಂತ್ರಿಕ ಸಂಸ್ಥೇನ ನಡೆಸಿದವರ ಬಗ್ಗೆ ಮಾತಾಡೋಣ ಅಂತ ಆಸೆ. ಕಟ್ಟಿಸಿದವರಲ್ಲ, ನಡೆಸಿದವರು. ನಮ್ಮಲ್ಲಿ ಮ್ಯಾನೇಜ್‌ಮೆಂಟ್ ಬದಲಾಗಿ ಹೊಸ ಪ್ರೆಸಿಡೆಂಟ್ ಬಂದಿದಾರೆ, ಗೇಟಿಂದ ಕ್ಯಾಂಟೀನ್ ತನಕ ಅವರದೇ ಫ್ಲೆಕ್ಸು, ಈ ಕಡೆ ವರ್ಕ್‌ಶಾಪಲ್ಲಿ ಲೇತಿನ ಬೆಲ್ಟ್ ಹೋಗಿ ಎಂಟು ತಿಂಗಳಾಯ್ತು. ಅದಕ್ಕೇ ತಲೇಲಿ ಇದೇ ಓಡ್ತಿದೆ.

ಆರಿಸ್ಕೊಂಡಿರೋದು ಪ್ರೊ. ಸತೀಶ್ ಧವನ್. ಹುಟ್ಟಿದ್ದು 1920 ಸೆಪ್ಟೆಂಬರ್ 25, ಇಂಜಿನಿಯರ್ಸ್ ಡೇ ಆಗಿ ಹತ್ತೇ ದಿನಕ್ಕೆ. ನಮ್ಮ ಬೆಂಗಳೂರಿನ ಐಐಎಸ್‌ಸಿಗೆ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಗೆ, 1962ರಿಂದ 1981ರ ತನಕ ಡೈರೆಕ್ಟರು, ಹತ್ತೊಂಬತ್ತು ವರ್ಷ, ಅಷ್ಟು ಕಾಲ ಆ ಕುರ್ಚೀಲಿ ಇನ್ಯಾರೂ ಕೂತಿಲ್ಲ. ಆದ್ರೆ ಎಲ್ಲಿ ನೋಡಿದ್ರೂ ಒಂದೇ ಕಥೆ: ಇಸ್ರೋ ಮುಖ್ಯಸ್ಥರಾಗಿದ್ದಾಗ ರಾಕೆಟ್ ಬಿತ್ತು, ಹೊಣೆ ನಂದು ಅಂದ್ರು, ಮುಂದಿನ ವರ್ಷ ಹಾರಿತು, ಆಗ ಮಾತಾಡೋಕೆ ಕಲಾಂನ ಮುಂದೆ ಬಿಟ್ರು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಆ ಹತ್ತೊಂಬತ್ತು ವರ್ಷ ಮನುಷ್ಯ ಡೈರೆಕ್ಟರ್ ಆಫೀಸಲ್ಲಿ ಕೂತು ಮಾಡಿದ್ದೇನು? ಗೊತ್ತಿರೋರು ಹೇಳಿ.

ನೀರ್‌ಮಜ್ಜಿಗೆ
ಇಸ್ರೋ ಸ್ಥಾಪಕರು ಅವರೇ ಅಲ್ವಾ? ಶ್ರೀಹರಿಕೋಟಾಗೆ ಅವರ ಹೆಸರೇ ಇದೆ.

ಪೆನ್ಶನ್_ಪುಟ್ಟಣ್ಣ
ಇಲ್ಲ ತಮ್ಮಾ. ಇಸ್ರೋ ಶುರು ಮಾಡಿದ್ದು ವಿಕ್ರಮ್ ಸಾರಾಭಾಯಿ, 1969ರಲ್ಲಿ. ಅವರು 1971ರ ಡಿಸೆಂಬರ್ 30ಕ್ಕೆ ತೀರಿಕೊಂಡ್ರು. ನಡುವೆ ಒಂಬತ್ತು ತಿಂಗಳು ಎಂ.ಜಿ.ಕೆ. ಮೆನನ್ ನೋಡ್ಕೊಂಡ್ರು. ಧವನ್ ಬಂದಿದ್ದು 1972ರಲ್ಲಿ, 84ರ ತನಕ ಇದ್ರು, ಆಮೇಲೆ ನಮ್ಮ ಉಡುಪಿ ಕಡೆಯ ಯು.ಆರ್. ರಾವ್. ಶ್ರೀಹರಿಕೋಟಾಗೆ ಧವನ್ ಹೆಸರಿಟ್ಟಿದ್ದು 2002ರಲ್ಲಿ, ಅವರು ಹೋದ ವರ್ಷ.

ನೀರ್‌ಮಜ್ಜಿಗೆ
ಓ ಸರಿ ಸಾರ್. ಎಕ್ಸಾಮಲ್ಲಿ ತಪ್ಪು ಬರೆದಿದ್ದೆ ಅನ್ಸುತ್ತೆ 😅

ಕುಣಿಗಲ್_ಕುದುರೆ
ಮೇಷ್ಟ್ರೆ, ರಾಕೆಟ್ ಬೇಡ ಅಂದ್ರಲ್ಲ, ಒಲೆ ಬಗ್ಗೆ ಹೇಳಲಾ?

ಚಾಕ್‌ಪೀಸ್_ಬಸು
ಯಾವ ಒಲೆ?

ಕುಣಿಗಲ್_ಕುದುರೆ
ಅಸ್ತ್ರ ಒಲೆ. ಹೆಸರು ಕೇಳಿಲ್ವಾ? ನಮ್ಮ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಐಐಎಸ್‌ಸಿಯವರದು ಒಂದು ಕೇಂದ್ರ ಇತ್ತು. ನಮ್ಮಜ್ಜಿ ಮನೇಲಿ ಆ ಒಲೆ ಹಾಕಿದ್ರು, ನಾನು ಹುಟ್ಟೋಕ್ ಮುಂಚೆ. ಒಂದೇ ಬೆಂಕಿಗೆ ಸಾಲಾಗಿ ಮೂರು ಪಾತ್ರೆ ಕೂರ್ತಿತ್ತು, ಮುಂದಿನದ್ರಲ್ಲಿ ಮುದ್ದೆ, ಮಧ್ಯದ್ರಲ್ಲಿ ಸಾರು, ಕೊನೇದ್ರಲ್ಲಿ ಸ್ನಾನಕ್ಕೆ ಬಿಸಿನೀರು. ಹೊಗೆ ಎಲ್ಲಾ ಪೈಪಲ್ಲಿ ಸೂರಿನಾಚೆ. ಅಜ್ಜಿ ಹೇಳ್ತಿದ್ದಿದ್ದು ಒಂದೇ ಮಾತು, "ಆ ಒಲೆ ಬಂದ್ಮೇಲೆ ನಾನು ಅಡುಗೆ ಮನೇಲಿ ಅಳೋದು ನಿಲ್ಲಿಸ್ದೆ". ಅತ್ತೆ ಮೇಲಿನ ಸಿಟ್ಟಿಗೆ ಅಳ್ತಿದ್ದಿದ್ದು ಬೇರೆ ಲೆಕ್ಕ ಬಿಡಿ.

ಆ ಒಲೆ ಮಾಡಿದ್ದು ಧವನ್ ಅವರೇ ಅಂತ ಊರಲ್ಲಿ ಹೇಳ್ತಿದ್ರು.

ಎಂಟ್ರೊಪಿ_ಅಕ್ಕ
ಒಲೆ ಮಾಡಿದ್ದು ಧವನ್ ಅಲ್ಲ ಕಣೋ, ಆದ್ರೆ ಕಥೆ ಇರೋದೇ ಅಲ್ಲಿ.

1974ರಲ್ಲಿ ಐಐಎಸ್‌ಸಿ ಒಳಗೆ ಅಸ್ತ್ರ ಅಂತ ಒಂದು ಗುಂಪು ಶುರುವಾಯ್ತು, ವಿಜ್ಞಾನ ತಂತ್ರಜ್ಞಾನನ ಹಳ್ಳಿಗೆ ಒಯ್ಯೋದು ಅನ್ನೋದರ ಇಂಗ್ಲಿಷ್ ಹೆಸರನ್ನ ಮೊಟಕು ಮಾಡಿ ಅಸ್ತ್ರ ಅಂತ ಇಟ್ರು. ಶುರು ಮಾಡಿದ್ದು ಅಮೂಲ್ಯ ಕೆ.ಎನ್. ರೆಡ್ಡಿ. ಅವರು ಬೆಂಗಳೂರಲ್ಲೇ ಹುಟ್ಟಿದವರು, ಎಲೆಕ್ಟ್ರೋಕೆಮಿಸ್ಟ್ರಿಲಿ ದೊಡ್ಡ ಹೆಸರು, ಬೋಕ್ರಿಸ್ ಜೊತೆ ಸೇರಿ ಬರೆದ ಪಠ್ಯಪುಸ್ತಕ ಪ್ರಪಂಚ ಪೂರ್ತಿ ಓದ್ತಾರೆ. ಅಂಥಾ ಮನುಷ್ಯ ಒಂದಿನ ಬಂದು ನಾನಿನ್ನು ಸೆಗಣಿ ಗ್ಯಾಸು, ಸೌದೆ ಒಲೆ, ಮಣ್ಣಿನ ಇಟ್ಟಿಗೆ ನೋಡ್ತೀನಿ ಅಂದ್ರೆ ಯಾವ ಡೈರೆಕ್ಟರ್ ಒಪ್ತಾನೆ ಹೇಳಿ? ಒಳಗೇ ಇದೂ ಒಂದು ಸೈನ್ಸಾ ಅಂತ ಮೂಗು ಮುರಿದೋರು ಇದ್ರು. ಧವನ್ ಒಪ್ಪಿದ್ರು, ಒಪ್ಪಿದ್ದಷ್ಟೇ ಅಲ್ಲ, ಬೆನ್ನಿಗೆ ನಿಂತ್ರು. ಒಲೆ ಲೆಕ್ಕಾಚಾರ ಮಾಡಿದ ತಂಡದಲ್ಲಿ ಕೆ.ಎಸ್. ಜಗದೀಶ್ ಇದ್ರು, ಅವರು ಸಿವಿಲ್ಲು, ಒತ್ತಿದ ಮಣ್ಣಿನ ಇಟ್ಟಿಗೆಗೆ ಹೆಸರಾದೋರು. ಮೂರು ಪಾತ್ರೆ ಒಲೆ ರೂಪಕ್ಕೆ ಬಂದಿದ್ದು ಎಂಬತ್ತರ ದಶಕದ ಶುರುವಲ್ಲಿ, ಅಷ್ಟೊತ್ತಿಗೆ ಧವನ್ ಕುರ್ಚಿ ಬಿಟ್ಟಾಗಿತ್ತು.

ಬಸು ಸಾರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಆಫೀಸಲ್ಲಿ ಕೂತು ಮಾಡಿದ್ದು ಏನಂದ್ರೆ ಬೇರೆಯೋರಿಗೆ ಜಾಗ ಬಿಟ್ಟಿದ್ದು.

ಅಡ್ಡಗಾಲು_ಅಪ್ಪಣ್ಣ
ಬಂತು ಭಜನೆ. ಜಾಗ ಬಿಟ್ಟಿದ್ದಲ್ಲ ತಾಯಿ, ಜಾಗದಲ್ಲಿ ಇರ್ಲಿಲ್ಲ ಅನ್ನಿ. 1972ರಿಂದ ಲೆಕ್ಕ ಹಾಕಿ. ಐಐಎಸ್‌ಸಿ ಡೈರೆಕ್ಟರು, ಇಸ್ರೋ ಚೇರ್‌ಮನ್ನು, ಸ್ಪೇಸ್ ಕಮಿಷನ್ ಅಧ್ಯಕ್ಷರು, ಬಾಹ್ಯಾಕಾಶ ಇಲಾಖೆ ಕಾರ್ಯದರ್ಶಿ. ನಾಲ್ಕು ಕುರ್ಚಿ ಒಬ್ರಿಗೇ. ಇವತ್ತು ಯಾರಾದ್ರೂ ಹಂಗೆ ಮಾಡಿದ್ರೆ ಇದೇ ನೀವುಗಳು ಬಾಯಿ ಬಡ್ಕೊಳ್ತೀರ. ಒಂಬತ್ತು ವರ್ಷ ಅರ್ಧ ದಿನದ ಡೈರೆಕ್ಟರು.

ಕುಡ್ಲದ_ಪೋರಿ
ಅಪ್ಪಣ್ಣ ಹೇಳುದ್ರಲ್ಲಿ ಪಾಯಿಂಟ್ ಉಂಟು ಮಾರಾಯ್ರೆ.

ಪೆನ್ಶನ್_ಪುಟ್ಟಣ್ಣ
ಅಪ್ಪಣ್ಣನವರೆ, ಆ ಕುರ್ಚಿ ಅವರು ಕೇಳಿ ಇಸ್ಕೊಂಡಿದ್ದಲ್ಲ. ಸಾರಾಭಾಯಿ ಹೋದಾಗ ಅವರು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಇದ್ರು, ರಜೆ ಹಾಕಿ ಪಾಠ ಮಾಡೋಕೆ ಹೋಗಿದ್ರು. ಇಂದಿರಾ ಗಾಂಧಿ ಕಡೆಯಿಂದ ಕರೆ ಹೋಯ್ತು. ಬರ್ತೀನಿ, ಆದ್ರೆ ಎರಡು ಷರತ್ತು ಅಂದ್ರಂತೆ. ಒಂದು, ಇಸ್ರೋ ಹೆಡ್ಡಾಫೀಸು ಬೆಂಗಳೂರಲ್ಲಿರಬೇಕು. ಎರಡು, ನಾನು ಐಐಎಸ್‌ಸಿ ಬಿಡಲ್ಲ. ಪ್ರಧಾನಿ ಕರೆದು ದೊಡ್ಡ ಹುದ್ದೆ ಕೊಡ್ತೀನಿ ಅಂದಾಗ ನಮ್ಮ ಕಾಲೇಜು ಬಿಡಲ್ಲ ಅಂದೋನನ್ನ ಜಾಗದಲ್ಲಿ ಇರ್ಲಿಲ್ಲ ಅಂತೀರಲ್ಲ.

ಅಡ್ಡಗಾಲು_ಅಪ್ಪಣ್ಣ
ಬಿಡಲ್ಲ ಅನ್ನೋದಕ್ಕೂ ನಡೆಸೋದಕ್ಕೂ ವ್ಯತ್ಯಾಸ ಇದೆ ಪುಟ್ಟಣ್ಣ. ನಮ್ಮೂರಲ್ಲೂ ಗೌಡ್ರು ದೇವಸ್ಥಾನದ ಕೀಲಿ ಬಿಡಲ್ಲ.

ಫ್ಲಾಪ್_ಫ್ಲಾಪ್
😂😂 ಕೀಲಿ

ಸಿಲಿಕಾನ್_ಸಿದ್ದ
ಅಂದ್ರೆ ಇಸ್ರೋ ಬೆಂಗ್ಳೂರಲ್ಲಿ ಇರೋದಕ್ಕೆ ಕಾರಣ ಈ ಮನುಷ್ಯ?? ಹೆಬ್ಬಾಳದ ಟ್ರಾಫಿಕ್‌ಗೂ ಇವರೇ ಕಾರಣ ಅಂದ್ಕೊಳ್ಳಲಾ

ಎಂಟ್ರೊಪಿ_ಅಕ್ಕ
@ಅಪ್ಪಣ್ಣ, ಅರ್ಧ ದಿನದ ಡೈರೆಕ್ಟರು ಅಂದ್ರಲ್ಲ, ಸರಿ, ಆ ಕಾಲಕ್ಕೆ ಯಾರ್ಯಾರು ಬಂದ್ರು ನೋಡಿ. ಜಿ.ಎನ್. ರಾಮಚಂದ್ರನ್ ಮದ್ರಾಸ್ ಬಿಟ್ಟು ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದ್ರು, ಚರ್ಮ ಮೂಳೆಲಿರೋ ಕೊಲಾಜನ್ ಪ್ರೋಟೀನಿನ ರಚನೆ ಹೇಳಿದ ಮಹಾನುಭಾವ. ಭೌತವಿಜ್ಞಾನಿ ಜಾರ್ಜ್ ಸುದರ್ಶನ್ ಜೊತೆ ಸೈದ್ಧಾಂತಿಕ ಅಧ್ಯಯನ ಕೇಂದ್ರ ಶುರುವಾಯ್ತು. 1973ರಲ್ಲಿ ಮಾಧವ ಗಾಡ್ಗೀಳ್ ಮತ್ತು ಸುಲೋಚನಾ ಗಾಡ್ಗೀಳ್, ಒಬ್ರು ಕಾಡು, ಇನ್ನೊಬ್ರು ಮುಂಗಾರು ಮಳೆ. ಇಂಜಿನಿಯರ್‌ಗಳೂ ಕೆಮಿಸ್ಟ್‌ಗಳೂ ತುಂಬಿದ್ದ ಜಾಗಕ್ಕೆ ಆನೆ ಬಿದಿರು ಅಂತ ಮಾತಾಡೋ ಮನುಷ್ಯನ್ನ ಕರೆಸೋದು ಅಂದ್ರೆ ಸುಮ್ನೆ ಅಲ್ಲ. 1976ರಲ್ಲಿ ಸಿ.ಎನ್.ಆರ್. ರಾವ್.

ರಾವ್ ವಿಷಯ ಹೇಳಲೇಬೇಕು. ಬಸವನಗುಡಿ ಹುಡುಗ, ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್‌ಡಿ ಮುಗಿಸಿ 1959ರಲ್ಲಿ ಇಲ್ಲಿಗೇ ಲೆಕ್ಚರರ್ ಆಗಿ ಸೇರಿದ್ರು, 1963ರಲ್ಲಿ ಬಿಟ್ಟು ಕಾನ್ಪುರ ಐಐಟಿಗೆ ಹೋದ್ರು. ಅಂದ್ರೆ ಧವನ್ ಡೈರೆಕ್ಟರ್ ಆದ ಮರುವರ್ಷವೇ ಕೈತಪ್ಪಿ ಹೋದ ಮನುಷ್ಯ. ಹದಿಮೂರು ವರ್ಷ ಆದ್ಮೇಲೆ ಅವರನ್ನೇ ವಾಪಸ್ ಕರೆಸಿ, ಘನಸ್ಥಿತಿ ರಸಾಯನಶಾಸ್ತ್ರಕ್ಕೆ ಹೊಸ ಘಟಕನೇ ಕಟ್ಟೋಕೆ ಬಿಟ್ರು. ಮುಂದೆ ರಾವ್ ತಾವೇ ಹತ್ತು ವರ್ಷ ಡೈರೆಕ್ಟರ್ ಆದ್ರು, ಭಾರತರತ್ನ ಬಂತು. ಹೋದೋರನ್ನ ವಾಪಸ್ ಕರೆಯೋಕೆ ಎಷ್ಟು ಮುಖ್ಯಸ್ಥರಿಗೆ ಮನಸ್ಸು ಬರುತ್ತೆ? ನಾನು ಕೆಲಸ ಬಿಟ್ಟ ಕಾಲೇಜಲ್ಲಿ ನನ್ನ ಪಿಎಫ್ ಫಾರಂಗೆ ಸಹಿ ಹಾಕೋಕೆ ಏಳು ಸಲ ಓಡಾಡಿಸಿದ್ರು.

ಫ್ಲಾಪ್_ಫ್ಲಾಪ್
ಅಕ್ಕ ಪಿಎಫ್ ಬಂತಾ ಕೊನೆಗೆ?

ಎಂಟ್ರೊಪಿ_ಅಕ್ಕ
ಬಂತು, ಎಂಟನೇ ಸಲ.

ರಾಯಚೂರ್_ಬಿಸಲು
ನಮ್ಮ ಕಡಿ ಒಂದು ಮಾತು ಹೇಳ್ತೀನ್ರಿ. ನಮ್ಮಪ್ಪ ಸಣ್ಣಾವ ಇದ್ದಾಗ, 1975ರಾಗ, ಊರ ಸಾಲ್ಯಾಗ ಒಂದು ಟಿವಿ ತಂದು ಇಟ್ಟಿದ್ರಂತ, ಮ್ಯಾಲ ಕೋಳಿ ಬಲಿ ಹಂಗ ಕಾಣೋ ದೊಡ್ಡ ತಾಟು. ಕರೆಂಟ ಸರಿ ಇರದ ಊರಾಗ ಟಿವಿ! ಬೆಂಗಳೂರಿನ ಮಂದಿ ಇನ್ನೂ ಟಿವಿ ಕಂಡಿರಲಿಲ್ಲ, ನಮ್ಮ ರಾಯಚೂರು, ಕಲಬುರ್ಗಿ, ವಿಜಾಪುರ ಹಳ್ಳ್ಯಾಗ ಕನ್ನಡದಾಗ ಒಕ್ಕಲುತನದ ಕಾರ್ಯಕ್ರಮ ಬರ್ತಿತ್ತು. ಅಮೆರಿಕದ ಉಪಗ್ರಹ ಒಂದು ವರ್ಷಕ್ಕ ಎರವಲು ತಂದಿದ್ರಂತ. ಆರು ರಾಜ್ಯ, 2400 ಹಳ್ಳಿ. ವರ್ಷ ಆದಮ್ಯಾಲ ಉಪಗ್ರಹ ವಾಪಸ್ ಹೋತು, ಟಿವಿ ಸುಮ್ಮನ ಕುಂತ್ತು. ಅಪ್ಪ ಇವತ್ತಿಗೂ ಅಂತಾನ, ಸರ್ಕಾರ ನಮಗ ತೋರಿಸಿ ಕಸ್ಕೊಂಡದ್ದು ಅದೊಂದ ಅಲ್ಲ ಬಿಡು ಅಂತ.

ಪೆನ್ಶನ್_ಪುಟ್ಟಣ್ಣ
ಸೈಟ್ ಅನ್ನೋ ಉಪಗ್ರಹ ಟಿವಿ ಪ್ರಯೋಗ ಅದು. ಕನಸು ಸಾರಾಭಾಯಿದು, ಆಗಿದ್ದು ಧವನ್ ಕಾಲದಲ್ಲಿ, 1975 ಆಗಸ್ಟಿಂದ 76 ಜುಲೈ ತನಕ. 1975ರ ಏಪ್ರಿಲ್ 19ಕ್ಕೆ ಆರ್ಯಭಟ ಉಪಗ್ರಹ ಹೋಯ್ತು, ರಷ್ಯದ ರಾಕೆಟ್ಟಲ್ಲಿ. ಅದನ್ನ ಮಾಡಿದ್ದು ನಮ್ಮ ಪೀಣ್ಯ ಇಂಡಸ್ಟ್ರಿಯಲ್ ಎಸ್ಟೇಟಿನ ಶೀಟು ಶೆಡ್ಡುಗಳಲ್ಲಿ. ಹಳೇ ಎರಡು ರೂಪಾಯಿ ನೋಟಿನ ಹಿಂದೆ ಇತ್ತಲ್ಲ, ಅದೇ. ನಾನು ಆಗ ಪೀಣ್ಯದಲ್ಲೇ ಒಂದು ಫೌಂಡ್ರಿಲಿ ಇದ್ದೆ, ಪಕ್ಕದ ಬೀದೀಲಿ ಉಪಗ್ರಹ ಮಾಡ್ತಿದಾರೆ ಅಂತ ಪೇಪರಲ್ಲಿ ಬಂದ್ಮೇಲೇ ನಮಗೆ ಗೊತ್ತಾಗಿದ್ದು. ಅಲ್ಲಿ ತನಕ ಏನೋ ರೇಡಿಯೋ ಫ್ಯಾಕ್ಟರಿ ಅಂದ್ಕೊಂಡಿದ್ವಿ.

ಚಾಕ್‌ಪೀಸ್_ಬಸು
ಮತ್ತೆ ರಾಕೆಟ್ಟಿಗೇ ಬಂತಲ್ರಪ್ಪ ☹️

ಪೆನ್ಶನ್_ಪುಟ್ಟಣ್ಣ
ಉಪಗ್ರಹ ಮೇಷ್ಟ್ರೆ, ರಾಕೆಟ್ ಅಲ್ಲ.

ಬೌಂಡರಿ_ಲೇಯರ್
ಏರೋ ಓದಿದೋನು ನಾನು, ಎರಡು ಮಾತು. ಧವನ್ ಡಿಗ್ರಿ ಪಟ್ಟಿ ನೋಡಿದ್ರೇ ಮಜಾ. ಹುಟ್ಟಿದ್ದು ಶ್ರೀನಗರ, ಓದಿದ್ದು ಲಾಹೋರ್. ಗಣಿತ-ಭೌತಶಾಸ್ತ್ರದಲ್ಲಿ ಬಿಎ, ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂಎ, ಆಮೇಲೆ ಮೆಕ್ಯಾನಿಕಲ್ ಬಿಇ. ಕೆಲ ಕಾಲ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಅಲ್ಲಿಂದ ಮಿನ್ನೆಸೋಟ, ಕ್ಯಾಲ್‌ಟೆಕ್, 1951ರಲ್ಲಿ ಲೀಪ್‌ಮನ್ ಕೈಕೆಳಗೆ ಪಿಎಚ್‌ಡಿ. ಅದೇ ವರ್ಷ ಐಐಎಸ್‌ಸಿಗೆ ಬಂದ್ರು, 1955ಕ್ಕೆ ವಿಭಾಗದ ಮುಖ್ಯಸ್ಥ, 1962ಕ್ಕೆ ಡೈರೆಕ್ಟರ್. ವಯಸ್ಸು ನಲವತ್ತರ ಆಸುಪಾಸು.

ಬಂದ ಹೊಸದರಲ್ಲಿ ಕಟ್ಟಿದ್ದು ಸೂಪರ್‌ಸಾನಿಕ್ ವಿಂಡ್ ಟನಲ್, ಜೋರು ಗಾಳಿ ಹಾಯಿಸಿ ಪರೀಕ್ಷೆ ಮಾಡೋ ಸುರಂಗ. ಅದರ ಬಾಯಿ ಎಷ್ಟಿತ್ತು ಗೊತ್ತಾ? ಒಂದು ಇಂಚು ಬೈ ಮೂರು ಇಂಚು. ಬೆಂಕಿಪೊಟ್ಟಣಕ್ಕಿಂತ ಒಂಚೂರು ಉದ್ದ, ಅಷ್ಟೇ. ಆದ್ರೆ ಗಾಳಿ ಶಬ್ದದ ವೇಗ ದಾಟಿದಾಗ ಏನಾಗುತ್ತೆ ಅಂತ ನಮ್ಮ ಹುಡುಗ್ರು ಕಣ್ಣಾರೆ ನೋಡಿದ್ದು ಅದರಲ್ಲೇ. ದುಡ್ಡಿಲ್ಲ, ವಿದೇಶಿ ಸಾಮಾನಿಲ್ಲ ಅಂತ ಕೂರ್ಲಿಲ್ಲ, ಸಣ್ಣದಾಗಿ ಶುರು ಮಾಡಿದ್ರು. ಮುಂದೆ ವಿಮಾನ ಸಂಶೋಧನೆ ಮಾಡೋ ಎನ್‌ಎಎಲ್‌ನಲ್ಲಿ 1.2 ಮೀಟರ್ ದೊಡ್ಡ ಟನಲ್ ಬಂತು, ಅದರ ಹಿಂದೆಯೂ ಇವರ ಕೈ ಇತ್ತು. ಇವರ ಹತ್ರ ಮೊದಲು ಸಂಶೋಧನೆಗೆ ಸೇರಿದವರಲ್ಲಿ ರೊದ್ದಂ ನರಸಿಂಹ ಒಬ್ರು, ಬೆಂಗಳೂರಿನ ಯುವಿಸಿಇ ಕಾಲೇಜಿನ ಮೆಕ್ಯಾನಿಕಲ್ ಹುಡುಗ. ಬಸು ಸಾರ್, ನಿಮ್ಮ ಹುಡುಗರಿಗೆ ಇದನ್ನ ಹೇಳಿ, ರಾಜ್ಯದ ಇಂಜಿನಿಯರಿಂಗ್ ಕಾಲೇಜಿಂದ ಹೋದೋನೇ ಮುಂದೆ ದ್ರವಚಲನೆಯಲ್ಲಿ ಆ ಮಟ್ಟಕ್ಕೆ ಏರಿದ್ದು.

ಸಿಲಿಕಾನ್_ಸಿದ್ದ
ಹಾಂ ಮುರುಗೇಶಪಾಳ್ಯದ ಹತ್ರ ವಿಂಡ್ ಟನಲ್ ರೋಡ್ ಅಂತ ಇದ್ಯಲ್ಲ, ಅದಾ? ಐದು ವರ್ಷ ಅಲ್ಲಿ ಪಿಜಿಲಿ ಇದ್ದೆ, ಯಾವನೋ ಬಿಲ್ಡರ್ ಇಟ್ಟ ಸ್ಟೈಲ್ ಹೆಸರು ಅಂದ್ಕೊಂಡಿದ್ದೆ 🤦

ಬೌಂಡರಿ_ಲೇಯರ್
ಅದೇ. ಎನ್‌ಎಎಲ್ ಟನಲ್‌ಗಳ ದೆಸೆಯಿಂದ ಬಂದ ಹೆಸರು.

ಅಡ್ಡಗಾಲು_ಅಪ್ಪಣ್ಣ
ಸರಿ ಸರಿ, ದೊಡ್ಡ ದೊಡ್ಡ ಹೆಸರೆಲ್ಲ ಬಂದ್ವು. ಈಗ ನನ್ನದೊಂದು ಪ್ರಶ್ನೆ. ಆ ಸಂಸ್ಥೆಗೆ ಮೈಸೂರು ಸಂಸ್ಥಾನ ಕೊಟ್ಟ ಜಾಗ 370 ಎಕರೆ ಚಿಲ್ಲರೆ. ಜಾಗ ನಮ್ಮದು. ನಮ್ಮಪ್ಪ ಮಲ್ಲೇಶ್ವರದಲ್ಲಿ ನಲವತ್ತು ವರ್ಷ ಇದ್ರು, ಬಸ್ಸಲ್ಲಿ "ಟಾಟಾ ಇನ್‌ಸ್ಟಿಟ್ಯೂಟ್" ಅಂತ ಕಂಡಕ್ಟರ್ ಕೂಗೋದು ಕೇಳ್ತಿದ್ರು, ಒಂದು ದಿನ ಒಳಗೆ ಕಾಲಿಡ್ಲಿಲ್ಲ. ಹತ್ತೊಂಬತ್ತು ವರ್ಷ ಡೈರೆಕ್ಟರ್ ಆಗಿದ್ದೋರು ಆ ಕಾಂಪೌಂಡಿಗೆ ಒಂದು ಬಾಗಿಲಾದ್ರೂ ಇಡಬಹುದಿತ್ತಲ್ಲ? ನಮ್ಮ ಊರಿನ ಡಿಪ್ಲೊಮಾ ಹುಡುಗನಿಗೆ ಅಲ್ಲಿಂದ ಏನು ಬಂತು? ಇದಕ್ಕೆ ಉತ್ತರ ಕೊಡಿ, ಆಮೇಲೆ ನಾನೂ ಆರತಿ ಎತ್ತುತೀನಿ.

ಮಲ್ನಾಡ್_ಮಳೆಹುಳ
ಇದು ನಿಜವಾದ ಪ್ರಶ್ನೆ. ನಾನು ಎರಡು ಸಲ ಓಪನ್ ಡೇಗೆ ಹೋಗಿದೀನಿ, ಅದು ಬಿಟ್ರೆ ಗೇಟಲ್ಲೇ ಸೆಕ್ಯೂರಿಟಿ.

ಹಾಲ್‌ಟಿಕೆಟ್_ಹರೀಶ
ಅಪ್ಪಣ್ಣಂಗೆ ಉತ್ತರ ನನ್ನ ಹತ್ರ ಇದೆ. ಕೆಎಸ್‌ಸಿಎಸ್‌ಟಿ! ರಾಜ್ಯ ವಿಜ್ಞಾನ ತಂತ್ರಜ್ಞಾನ ಮಂಡಳಿ. ಇಂಜಿನಿಯರಿಂಗ್ ಮಾಡಿದೋರಿಗೆಲ್ಲ ಗೊತ್ತಿರುತ್ತೆ, ಫೈನಲ್ ಇಯರಲ್ಲಿ ಪ್ರಾಜೆಕ್ಟಿಗೆ ದುಡ್ಡು ಕೊಡ್ತಾರಲ್ಲ ಅದು. ಆಫೀಸು ಐಐಎಸ್‌ಸಿ ಒಳಗೇ ಇದೆ. ಶುರುವಾಗಿದ್ದು 1975ರಲ್ಲಿ, ಧವನ್ ಕಾಲದಲ್ಲಿ. ಅಕ್ಕ ಹೇಳಿದ ಅಮೂಲ್ಯ ರೆಡ್ಡಿನೇ ಅದರ ಕಾರ್ಯದರ್ಶಿ ಆಗಿದ್ರು. ನಮ್ಮದು ದಾವಣಗೆರೆ ಹತ್ರದ ಕಾಲೇಜು, ಮೆಕ್ಕೆಜೋಳ ಬಿಡಿಸೋ ಮೆಷಿನ್ ಮಾಡಿದ್ವಿ, ಸ್ಯಾಂಕ್ಷನ್ ಲೆಟರ್ ಬಂದಾಗ ಎಚ್‌ಒಡಿ ಅದನ್ನ ನೋಟಿಸ್ ಬೋರ್ಡಿಗೆ ಹಾಕಿ ಗಾಜಿಗೆ ಬೀಗ ಜಡಿದ್ರು, ಯಾರಾದ್ರೂ ಕದಿಯೋ ಥರ. ಎಕ್ಸಿಬಿಷನ್ ದಿನ ಮೋಟಾರ್ ಸುಟ್ಟು ಹೋಯ್ತು, ಕೈಯಲ್ಲೇ ತಿರುಗಿಸಿ ತೋರ್ಸಿದ್ವಿ. ಆದ್ರೂ ಮೊದಲ ಸಲ ನಮ್ಮ ನಾಲ್ಕು ಜನರ ಹೆಸರು ಬೆಂಗಳೂರಿನ ಒಂದು ಕಾಗದದಲ್ಲಿ ಟೈಪ್ ಆಗಿ ಬಂದಿತ್ತು.

ಅದು ಬಾಗಿಲು ಅಲ್ಲದಿದ್ರೂ ಒಂದು ಕಿಟಕಿ ಅನ್ನಿ ಅಣ್ಣ.

ಅಡ್ಡಗಾಲು_ಅಪ್ಪಣ್ಣ
ಕಿಟಕಿ ಒಪ್ಪಿದೆ. ಮೋಟಾರ್ ಯಾವುದು ಹಾಕಿದ್ರಿ?

ಹಾಲ್‌ಟಿಕೆಟ್_ಹರೀಶ
ಅರ್ಧ ಎಚ್‌ಪಿ, ಗುಜರಿಲಿ ತಂದಿದ್ದು 🙈

ಮಲ್ನಾಡ್_ಮಳೆಹುಳ
ಗಾಡ್ಗೀಳ್ ಹೆಸರು ಬಂತಲ್ಲ, ಅದಕ್ಕೆ ನಮ್ಮ ಕಡೆಯದೊಂದು ಸೇರಿಸ್ತೀನಿ. ಎಪ್ಪತ್ತರ ದಶಕದಲ್ಲಿ ರಾಜ್ಯ ಸರ್ಕಾರವೇ ಬಿದಿರಿನ ಲೆಕ್ಕ ಮಾಡಿ ಕೊಡಿ ಅಂತ ಅವರನ್ನ ಕೇಳಿತು, ಯಾಕಂದ್ರೆ ಬುಟ್ಟಿ ಹೆಣೆಯೋ ಮೇದಾರರು ಗಲಾಟೆ ಎಬ್ಬಿಸಿದ್ರು, ಬಿದಿರೆಲ್ಲ ಕಾಗದದ ಮಿಲ್ಲಿಗೆ ಹೋಗ್ತಿದೆ ಅಂತ. ಮಿಲ್ಲಿಗೆ ಸಿಕ್ತಿದ್ದ ರೇಟಿಗೂ ಮೇದಾರರು ಸಂತೇಲಿ ಕೊಳ್ಳೋ ರೇಟಿಗೂ ಅಜಗಜಾಂತರ. ಗಾಡ್ಗೀಳ್ ಉತ್ತರ ಕನ್ನಡದ ಕಾಡಲ್ಲಿ ತಿರುಗಿ ಕಂಡ್ಕೊಂಡಿದ್ದು ಏನಂದ್ರೆ, ಇಲಾಖೆಯವರು ಬಿದಿರಿನ ಮೆಳೆ ಚೊಕ್ಕ ಮಾಡ್ತೀವಿ ಅಂತ ಬುಡದ ಮುಳ್ಳು ಕಡಿದು ಹಾಕ್ತಿದ್ರು. ಮುಳ್ಳು ಹೋದ್ಮೇಲೆ ಎಳೆ ಕಳಲೆ ದನಕ್ಕೂ ಕಾಡುಪ್ರಾಣಿಗೂ ನೇರ ಬಾಯಿಗೆ. ಊರಿನೋರು ಮೊದಲಿಂದ್ಲೂ ಅದನ್ನೇ ಹೇಳ್ತಿದ್ರು. ಪುಸ್ತಕ ಓದಿದೋರು ಕೇಳಿರಲಿಲ್ಲ, ಅಷ್ಟೇ.

ನಂಗೆ ಆಶ್ಚರ್ಯ ಆಗೋದು ಒಂದೇ. ಏರೋಪ್ಲೇನ್ ಓದಿದ ಡೈರೆಕ್ಟರ್‌ಗೆ ಇಂಥವರನ್ನ ಸೇರಿಸ್ಕೋಬೇಕು ಅಂತ ಹೊಳೆದಿದ್ದು ಹೆಂಗೆ?

ಕುಡ್ಲದ_ಪೋರಿ
ಅವರಿಗೆ ಹಕ್ಕಿ ಮರುಳು ಇತ್ತಲ್ಲ! ಶ್ರೀಹರಿಕೋಟದ ಪಕ್ಕ ಪುಲಿಕಾಟ್ ಸರೋವರ ಉಂಟಲ್ವಾ, ಅಲ್ಲಿಗೆ ಪೆಲಿಕನ್, ಫ್ಲೆಮಿಂಗೊ ಎಲ್ಲ ಬರ್ತವೆ. ಹಕ್ಕಿ ಹೇಗೆ ಹಾರ್ತದೆ ಅಂತ ಇಂಜಿನಿಯರ್ ಕಣ್ಣಲ್ಲಿ ನೋಡಿ ಒಂದು ಪುಸ್ತಕವೇ ಬರೆದಿದ್ದಾರೆ, ಬರ್ಡ್ ಫ್ಲೈಟ್ ಅಂತ, 1991ರಲ್ಲಿ ಬಂತು. ಚಿತ್ರಗಳು ಚಂದ ಉಂಟು. ಬಸು ಸರ್, ಮಕ್ಕಳಿಗೆ ಅದನ್ನು ತೋರಿಸಿ, ಭಾಷಣಕ್ಕಿಂತ ಒಳ್ಳೇದು.

ನೀರ್‌ಮಜ್ಜಿಗೆ
ಸುಧಾ ಮೂರ್ತಿ ಕೂಡ ಅಲ್ಲೇ ಓದಿದ್ದಲ್ವಾ ಆ ಟೈಮಲ್ಲಿ? ಜೆಆರ್‌ಡಿ ಟಾಟಾಗೆ ಕಾರ್ಡ್ ಬರೆದಿದ್ದು?

ಫ್ಲಾಪ್_ಫ್ಲಾಪ್
ಹೌದು 1974. ದಯವಿಟ್ಟು ಆ ಕಥೆ ಶುರು ಮಾಡ್ಬೇಡ, ಎಲ್ರಿಗೂ ಬಾಯಿಪಾಠ ಇದೆ.

ಪೆನ್ಶನ್_ಪುಟ್ಟಣ್ಣ
ಅಪ್ಪಣ್ಣನವರಿಗೆ ಇನ್ನೊಂದು ಮಾತು. ಅದೇ ಕುರ್ಚೀಲಿ ಸಿ.ವಿ. ರಾಮನ್ ಕೂತಿದ್ರು, 1933ರಲ್ಲಿ, ಮೊದಲ ಭಾರತೀಯ ಡೈರೆಕ್ಟರ್. ನೊಬೆಲ್ ಬಂದಿದ್ದ ಮನುಷ್ಯ. ನಾಲ್ಕೇ ವರ್ಷಕ್ಕೆ ಜಗಳ, ಆರೋಪ, ಪರಿಶೀಲನೆಗೆ ಇರ್ವಿನ್ ಸಮಿತಿ, 1937ರಲ್ಲಿ ಡೈರೆಕ್ಟರ್‌ಗಿರಿ ಬಿಡಬೇಕಾಯ್ತು. ಪ್ರೊಫೆಸರ್ ಆಗಿ ಮುಂದುವರಿದ್ರು ಅನ್ನಿ. ರಾಮನ್ ಎದುರಿಗೆ ಧವನ್ ವಿಜ್ಞಾನಿಯಾಗಿ ಚಿಕ್ಕವರು, ಅದನ್ನ ಅವರೇ ಒಪ್ತಿದ್ರೇನೋ. ಆದ್ರೆ ನೂರಾರು ಜಾಣರನ್ನ ಒಂದೇ ಕಾಂಪೌಂಡಲ್ಲಿ ಇಟ್ಕೊಂಡು ಹತ್ತೊಂಬತ್ತು ವರ್ಷ ದಬ್ಬೋದು ಬೇರೇನೇ ವಿದ್ಯೆ. ಜಾಣರು ಅಂದ್ರೆ ಗೊತ್ತಲ್ಲ, ಕಪ್ಪೆಗಳನ್ನ ತಕ್ಕಡೀಲಿ ತೂಗಿದ ಹಾಗೆ.

ಅಡ್ಡಗಾಲು_ಅಪ್ಪಣ್ಣ
ತೂಗೋದು ಬಂತು, ಸರಿ. ಆದ್ರೆ ಅಸ್ತ್ರ ಒಲೆ ಈಗ ಎಲ್ಲಿದೆ? ಗ್ಯಾಸ್ ಬಂತು, ಒಲೆ ಮೂಲೆ ಸೇರ್ತು. ಅಷ್ಟು ದೊಡ್ಡ ವಿಜ್ಞಾನಿಗಳು ವರ್ಷಗಟ್ಲೆ ಕೂತು ಮಾಡಿದ್ದು ಉಳೀತಾ? ಇದು ಪರಂಪರೆ ಅನ್ನೋದಾದ್ರೆ ತುಂಬಾ ತೆಳು.

ಎಂಟ್ರೊಪಿ_ಅಕ್ಕ
ಅದಕ್ಕೆ ನನ್ನ ಹತ್ರ ಸಿಹಿ ಉತ್ತರ ಇಲ್ಲ. ಕೆಲವು ಉಳೀತು, ಕೆಲವು ಇಲ್ಲ. ಕುಣಿಗಲ್ ತಾಲೂಕಿನ ಪುರ ಅನ್ನೋ ಹಳ್ಳಿ ನೋಡಿ. ಊರ ದನಗಳ ಸೆಗಣಿಯಿಂದ ಮನೆಮನೆಗೂ ಅಡುಗೆ ಗ್ಯಾಸ್ ಕೊಡೋಣ ಅಂತ ಹೊರಟ್ರು, ಲೆಕ್ಕ ಹಾಕಿದ್ರೆ ಸೆಗಣಿ ಸಾಲದು. ಸೋತ್ವಿ ಅಂತ ಗಂಟು ಕಟ್ಟಲಿಲ್ಲ. ನಿಮಗೆ ಮೊದಲು ಬೇಕಿರೋದು ಏನು ಅಂತ ಊರಿನೋರನ್ನ ಕೇಳಿದ್ರು. ನೀರು ಅಂದ್ರು. ಅದೇ ಗ್ಯಾಸಲ್ಲಿ ಇಂಜಿನ್ ಓಡಿಸಿ ಕರೆಂಟ್ ಮಾಡಿ, ಬೋರಿಂದ ನೀರೆತ್ತಿ ಬೀದಿ ನಲ್ಲಿಗೆ ಬಿಟ್ರು, ಮನೆಗೆ ದೀಪ ಕೊಟ್ರು. 1987ರ ಹೊತ್ತಿಗೆ ಅದು ನಡೀತಿತ್ತು. ಸೆಗಣಿ ತಂದು ಹಾಕಿದೋರಿಗೆ ಗೊಬ್ಬರ ವಾಪಸ್. ಡೈರೆಕ್ಟರ್ ಬದಲಾಗಿ ಆರು ವರ್ಷ ಆಗಿತ್ತು ಆಗ, ಆದ್ರೂ ಕೆಲಸ ನಿಂತಿರಲಿಲ್ಲ. ಅಸ್ತ್ರ ಈಗ ಹೆಸರು ಬದಲಾಯಿಸ್ಕೊಂಡು ಸುಸ್ಥಿರ ತಂತ್ರಜ್ಞಾನ ಕೇಂದ್ರ ಅಂತ ಇದೆ. ಆ ಮಣ್ಣಿನ ಇಟ್ಟಿಗೆಲಿ ಕಟ್ಟಿದ ಮನೆ ಇವತ್ತೂ ಬೆಂಗಳೂರಲ್ಲಿ ನೋಡಬಹುದು, ಈಗ ಕಟ್ಟಿಸೋರು ಸಾಫ್ಟ್‌ವೇರ್ ಮಂದಿ, ಹಳ್ಳಿಯೋರಲ್ಲ. ಅದು ನಗೋ ವಿಷಯನೋ ಅಳೋ ವಿಷಯನೋ ನೀವೇ ಹೇಳಿ.

ಕುಣಿಗಲ್_ಕುದುರೆ
ಒಲೇಲೂ ತಾಪತ್ರಯ ಇತ್ತು ಕಣಕ್ಕ, ಸುಳ್ಳು ಯಾಕೆ. ಬಾಯಿ ಚಿಕ್ಕದು, ಸೌದೇನ ಸಣ್ಣಸಣ್ಣಕ್ಕೆ ಸೀಳಬೇಕಿತ್ತು, ಆ ಕೆಲಸ ಯಾವಾಗ್ಲೂ ನಮ್ಮ ಚಿಕ್ಕಮ್ಮನ ತಲೆಗೆ. ಪಾತ್ರೆ ತೂತಿಗೆ ಸರಿಯಾಗಿ ಕೂರದಿದ್ರೆ ಸಂದಿಲಿ ಹೊಗೆ. ಹಬ್ಬಕ್ಕೆ ದೊಡ್ಡ ಹಂಡೆ ಇಡಬೇಕು ಅಂದ್ರೆ ಮತ್ತೆ ಹಿತ್ತಲಲ್ಲಿ ಮೂರು ಕಲ್ಲು. ಮುದ್ದೆ ತಿರುವೋವಾಗ ಕೋಲಿನ ಏಟಿಗೆ ಒಲೆ ಅಂಚು ಬಿರುಕು ಬಿಟ್ಟು, ತಾತ ಪ್ರತಿ ಯುಗಾದಿಗೆ ಮಣ್ಣು ಮೆತ್ತುತಿದ್ರು. ಆದ್ರೂ ಅಜ್ಜಿ ಒಡೆಯೋಕೆ ಬಿಡ್ಲಿಲ್ಲ.

ರಾಯಚೂರ್_ಬಿಸಲು
ರೊಟ್ಟಿ ಬಡಿಯೋ ಮಂದಿಗೆ ಆ ಒಲಿ ಆಗಂಗಿಲ್ಲ ಬಿಡ್ರಿ. ಹೆಂಚು ಅಗಲ ಬೇಕು, ಪಕ್ಕದಾಗ ಕೆಂಡದ ಮ್ಯಾಲ ರೊಟ್ಟಿ ನಿಲ್ಲಿಸಾಕ ಜಾಗ ಬೇಕು. ಮುದ್ದಿ ಉಣ್ಣೋರು ಮಾಡಿದ ಒಲಿ ಅದು 😀

ಕುಣಿಗಲ್_ಕುದುರೆ
ಸ್ಯಾಟಲೈಟ್ ಟಿವಿ ನಿಮಗೆ, ಒಲೆ ನಮಗೆ. ಲೆಕ್ಕ ಚುಕ್ತಾ ಅಣ್ಣ

ಚಾಕ್‌ಪೀಸ್_ಬಸು
ಎಲ್ರಿಗೂ ಥ್ಯಾಂಕ್ಸ್. ಇವತ್ತು ಭಾಷಣದ ವಿಷಯ ಒಪ್ಪಿಗೆಗೆ ಕೊಟ್ಟೆ. ಪ್ರಿನ್ಸಿಪಾಲರು ಪೂರ್ತಿ ಓದಿ, ಚೆನ್ನಾಗಿದೆ ಆದ್ರೆ ಹದಿನೈದು ನಿಮಿಷಕ್ಕೆ ಇಳಿಸಿ, ಒಲೆ ಬಿದಿರು ಬೇಡ, ರಾಕೆಟ್ ಬಿದ್ದು ಎದ್ದ ಕಥೆ ಹಾಕಿ, ಪ್ರೆಸಿಡೆಂಟ್ ಸಾಹೇಬ್ರಿಗೆ ಅದು ಇಷ್ಟ ಅಂದ್ರು. 1979ರ ಆಗಸ್ಟ್ 10, 1980ರ ಜುಲೈ 18, ಎರಡು ತಾರೀಖೂ ಸ್ಲೈಡಲ್ಲಿ ದೊಡ್ಡದಾಗಿ ಬರಬೇಕಂತೆ. ನಾನು ಹ್ಞೂಂ ಅಂದೆ. ಸ್ಲೈಡ್ ಹಾಕ್ತೀನಿ, ಬಾಯಲ್ಲಿ ಹೇಳೋದು ಸಿ.ಎನ್.ಆರ್. ರಾವ್ ವಾಪಸ್ ಬಂದ ಕಥೆ, ಉಂಗ್ರದ ಒಲೆ ಕಥೆ. ನಮ್ಮಲ್ಲಿಂದ ಹೋದ ವರ್ಷ ಬಿಟ್ಟು ಹೋದ ಇಬ್ರು ಒಳ್ಳೆ ಮೇಷ್ಟ್ರು ಇದಾರೆ, ಅವರಿಗೂ ಇನ್ವಿಟೇಶನ್ ಕಳಿಸಿದೀನಿ, ಯಾರನ್ನೂ ಕೇಳದೆ.

ಅಡ್ಡಗಾಲು_ಅಪ್ಪಣ್ಣ
ಮೇಷ್ಟ್ರೆ ನಾನೂ ಬರ್ತೀನಿ, ಚೌಚೌ ಬಾತ್ ಉಂಟಲ್ಲ. ಲೇತಿನ ಬೆಲ್ಟ್ ಸೈಜ್ ಕಳ್ಸಿ, ಎಸ್‌ಪಿ ರೋಡಲ್ಲಿ ನನ್ನ ಸ್ನೇಹಿತನ ಅಂಗಡಿ ಇದೆ.

ಚಾಕ್‌ಪೀಸ್_ಬಸು
ಬಿ-68, ಮೂರು ಬೇಕು 🙏

ಫ್ಲಾಪ್_ಫ್ಲಾಪ್
@ಕುಣಿಗಲ್_ಕುದುರೆ ಆ ಒಲೆ ಇನ್ನೂ ಇದ್ಯಾ? ಒಂದು ಫೋಟೋ ಹಾಕಪ್ಪ.

ಕುಣಿಗಲ್_ಕುದುರೆ
ಇದೆ, ಹಿಂದಿನ ಮನೇಲಿ. ಈಗ ಅದರಲ್ಲಿ ಬಿಸಿನೀರು ಮಾತ್ರ ಕಾಯ್ಸೋದು. ಊರಿಗೆ ಹೋದಾಗ ಹಾಕ್ತೀನಿ. ಅಂದ್ಹಾಗೆ ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ಹೊಗೆ ಪೈಪಲ್ಲಿ ಮಸಿ ಕಟ್ಕೊಂಡಿದೆ, ಮೇಲಿಂದ ತೆಗೀಬೇಕಾ ಕೆಳಗಿಂದಾನಾ? ತಾತ ಇದ್ದಾಗ ಅವರೇ ಮಾಡ್ತಿದ್ರು, ಕೇಳಿ ಇಟ್ಕೊಳ್ಳಲಿಲ್ಲ.

ಪೆನ್ಶನ್_ಪುಟ್ಟಣ್ಣ
ಮೇಲಿಂದ. ಹಗ್ಗಕ್ಕೆ ತೆಂಗಿನ ನಾರಿನ ಉಂಡೆ ಕಟ್ಟಿ, ಕೆಳಗೊಂದು ಕಲ್ಲು ತೂಗುಬಿಟ್ಟು ಇಳಿಸಿ ಎಳಿ. ಕೆಳಗಡೆ ಒಲೆ ಬಾಯಿಗೆ ಗೋಣಿಚೀಲ ಮುಚ್ಚೋದು ಮರೀಬೇಡ, ಇಲ್ಲಾಂದ್ರೆ ಅಡುಗೆ ಮನೆ ಪೂರ್ತಿ ಕಪ್ಪು.